ಹೆಸರು ಹೇಳದೆ ಮಾರಬೇಕಾದ ವಸ್ತು

ಜಾಹೀರಾತಿನ ಕೆಲಸದಲ್ಲಿ ಇರುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಲಿಫ್ಟ್ ಹತ್ತಿ ಮೇಲೆ ಬರುತ್ತವೆ. ನಮ್ಮ ಆಫೀಸಿನಲ್ಲಿ ಲಿಫ್ಟ್ ಇಲ್ಲ, ಆದ್ದರಿಂದ ಮೆಟ್ಟಿಲು ಹತ್ತಿ ಬರುತ್ತವೆ ಎಂದು ಓದಿಕೊಳ್ಳಬೇಕು. ನಾನು ಈವರೆಗೆ ಬರೆದದ್ದೆಲ್ಲ ಅರ್ಧ ನಿಮಿಷದಲ್ಲಿ ಮುಗಿಯುವ ಜಾಹೀರಾತು. ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಯಾರಿಗೂ ಏನೂ ಅರ್ಥವಾಗಲಿಲ್ಲ ಎಂದು ಆಗಬಾರದಲ್ಲ, ಅದಕ್ಕೆ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ.

ನಮ್ಮದು ಮುಂಬಯಿಯ ಕುರ್ಲಾ ಸ್ಟೇಷನ್ನಿನ ಹತ್ತಿರ ಇರುವ ಸಣ್ಣ ಏಜೆನ್ಸಿ. ಏಜೆನ್ಸಿ ಎಂದಕೂಡಲೇ ಗಾಜಿನ ಕಟ್ಟಡ, ಕಾಫಿ ಮೆಷಿನ್ನು ಅಂದುಕೊಳ್ಳಬೇಡಿ. ಕೆಳಗೆ ಸ್ಕೂಟರಿನ ಬಿಡಿಭಾಗಗಳ ಅಂಗಡಿ, ಮೇಲೆ ನಾವು. ನಾವು ಅಂದರೆ ಹುಬ್ಬಳ್ಳಿ ಕಡೆಯ ಬಾಸ್, ಬರೆಯುವ ನಾನು, ಚಿತ್ರ ಮಾಡುವ ಒಬ್ಬ ಹುಡುಗಿ, ಆಫೀಸಿನ ಮಿಕ್ಕೆಲ್ಲ ಕೆಲಸ ನೋಡಿಕೊಳ್ಳುವ ಕಾಕಾ.

ವಿಕ್ರೋಳಿಯ ಒಂದು ಕಂಪನಿ ದೊಡ್ಡವರ ಡಯಾಪರ್ ಮಾಡಲು ಹೊರಟು, ಅದರ ಪ್ರಚಾರವನ್ನು ನಮಗೆ ಒಪ್ಪಿಸಿತು. ಮಕ್ಕಳದ್ದಲ್ಲ, ದೊಡ್ಡವರದ್ದು. ವಯಸ್ಸಾದ ಮೇಲೆ ಮೂತ್ರ ತಡೆಯಲಾಗದೆ ಎಷ್ಟೋ ಜನ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟುಬಿಡುತ್ತಾರೆ. ಅಂಥವರಿಗಾಗಿ. ಹೇಳುವವರಿಗೂ ಸಂಕೋಚ, ಕೇಳುವವರಿಗೂ ಸಂಕೋಚ, ಆದರೆ ಬೇಕೇ ಬೇಕಾದ ವಸ್ತು. ಬಾಸ್ ಮೊದಲ ಸಲ ಪೂರ್ತಿ ಜವಾಬ್ದಾರಿಯನ್ನು ನನಗೆ ಕೊಟ್ಟರು. ಕೊಡುವಾಗ, "ಇದು ಕೈ ಬಿಟ್ಟು ಹೋದ್ರ ಆಫೀಸಿಗೆ ಕೀಲಿ ಹಾಕೂದ ನೋಡ್ರಿ. ನೀವೇನ್ ಟೆನ್ಷನ್ ತಗೋಬ್ಯಾಡ್ರಿ" ಅಂದರು. ನನ್ನ ವಯಸ್ಸಿನ ಹೆಂಗಸು ಬೇರೆ ಏಜೆನ್ಸಿಗೆ ಇಂಟರ್‌ವ್ಯೂಗೆ ಹೋದರೆ, ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ಕುರ್ಚಿ ಕೊಟ್ಟು ಕೂರಿಸುತ್ತಾರೆ. ಆದ್ದರಿಂದ ಟೆನ್ಷನ್ ತೆಗೆದುಕೊಂಡೆ.

ಬಳಸಬಾರದ ಮಾತುಗಳು

ಕಂಪನಿಯ ಮಾಲೀಕರನ್ನು ಎಲ್ಲರೂ ಸೇಠ್‌ಜೀ ಎನ್ನುತ್ತಿದ್ದರು. ಮೆಲುದನಿಯ, ಒಳ್ಳೆಯ ಮನುಷ್ಯ. ಅವರು ಮಾತಾಡಿದ್ದು ಹಿಂದಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾವೇ ತಯಾರಿಸುವ ವಸ್ತುವನ್ನು ಅವರು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ, 'ವೋ ಚೀಜ್', ಅಂದರೆ 'ಆ ವಸ್ತು' ಎಂದಷ್ಟೇ ಅನ್ನುತ್ತಿದ್ದರು. ಟೀವಿಯನ್ನು ಮನೆಮಂದಿಯೆಲ್ಲ ಕೂತು ನೋಡುತ್ತಾರೆ, ಹಾಗಾಗಿ ಜಾಹೀರಾತಿನಲ್ಲಿ ಮೂತ್ರ ಎನ್ನಬಾರದು, ಒದ್ದೆ ಎನ್ನಬಾರದು, ಡಯಾಪರ್ ಎನ್ನಬಾರದು, ಮುದುಕರು ಎಂದಂತೂ ಎನ್ನಲೇಬಾರದು ಎಂದರು. ಬಚ್ಚಲುಮನೆಯ ಬಾಗಿಲು ತೋರಿಸಬಹುದು, ಆದರೆ ಮುಚ್ಚಿರಬೇಕು.

ಹಾಗಾದರೆ ಏನು ಹೇಳೋಣ ಎಂದು ಬಾಸ್ ಕೇಳಿದರು. ಸೇಠ್‌ಜೀ, ಆತ್ಮವಿಶ್ವಾಸ ಅಂತ ಹೇಳಿ ಎಂದರು.

ಅದರಂತೆ ಬರೆದೆ. ಸಮುದ್ರದ ದಂಡೆ, ಸೂರ್ಯೋದಯ, ಕೈ ಹಿಡಿದು ನಡೆಯುವ ಹಿರಿಯ ದಂಪತಿ, ಹಾರುವ ಪಾರಿವಾಳ. ಕೊನೆಗೆ ಒಂದು ದನಿ, 'ಈಗ ಹೊಸ ಬದುಕು ಶುರು' ಎನ್ನುತ್ತದೆ. ಚಿತ್ರಗಳನ್ನು ಸಾಲಾಗಿ ಜೋಡಿಸಿ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಹೆಂಗಸರಿಗೆ ತೋರಿಸಿ, ಇದು ಯಾವುದರ ಜಾಹೀರಾತು ಹೇಳಿ ಎಂದೆ. ನೋಡುವವರಿಗೆ ಏನು ತಿಳಿಯುತ್ತದೆ ಎಂದು ನಾವು ಹೀಗೆ ಮೊದಲೇ ಪರೀಕ್ಷೆ ಮಾಡಿಕೊಳ್ಳುತ್ತೇವೆ. ಒಬ್ಬರು ವಿಮೆ ಅಂದರು. ಇನ್ನೊಬ್ಬರು ಮಂಡಿನೋವಿನ ಎಣ್ಣೆ ಅಂದರು. ನಮ್ಮ ಅತ್ತೆ ಮಾತ್ರ ಬಹಳ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದರು: "ಈ ವಯಸ್ಸಿನವರಿಗೂ ಗಂಡು ಹೆಣ್ಣು ಹುಡುಕಿಕೊಡ್ತಾರೇನಮ್ಮ?"

ಎಲ್ಲರೂ ಡಾಕ್ಟರು

ಸೂರ್ಯೋದಯ ಬಿದ್ದುಹೋಯಿತು. ಬಳಸುವ ಮನುಷ್ಯರನ್ನೇ ತೋರಿಸೋಣ ಎಂದು ತೀರ್ಮಾನವಾಗಿ, ಹಿರಿಯ ನಟರು ಬೇಕೆಂದು ಹೇಳಿಕಳಿಸಿದೆವು. ಮುಂಬಯಿಯಲ್ಲಿ ನಟರಿಗೆ ಬರವಿಲ್ಲ, ಮೆಟ್ಟಿಲ ತುಂಬ ಕೂತಿದ್ದರು.

ಮೊದಲು ಒಳಗೆ ಬಂದವರು ಹಿಂದಿ ಧಾರಾವಾಹಿಗಳಲ್ಲಿ ಅಜ್ಜನ ಪಾತ್ರ ಮಾಡುವವರು. ಕುಡುಕ, ಕೊಲೆಗಾರ, ಭಿಕ್ಷುಕ ಎಲ್ಲ ಆಗಿದ್ದೇನೆ, ಪಾತ್ರ ಯಾವುದಾದರೇನು ಅಂದರು. ನಾನು ವಸ್ತು ಯಾವುದೆಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೇಡಂ, ಧಾರಾವಾಹಿಯಲ್ಲಿ ನಾನು ಸೊಸೆಗೆ ವಿಷ ಹಾಕಿದ್ದೇನೆ. ನನ್ನ ಸ್ವಂತ ಸೊಸೆ ಅದನ್ನು ನೋಡಿಯೂ ನಾನು ಮಾಡಿಕೊಟ್ಟ ಚಹಾ ಕುಡಿಯುತ್ತಾಳೆ. ನಟನೆ ಅಂತ ಗೊತ್ತು. ಇದನ್ನು ನಟನೆ ಅಂದರೆ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರೂ ನಂಬುವುದಿಲ್ಲ."

ಆದರೂ ಬಂದ ಕೆಲಸ ಬಿಡಲು ಮನಸ್ಸಿಲ್ಲದೆ, ಜಾಹೀರಾತಿನಲ್ಲಿ ಒಬ್ಬ ಡಾಕ್ಟರ್ ಇದ್ದರೆ ಆ ಪಾತ್ರವನ್ನು ಮಾಡುತ್ತೇನೆ ಎಂದರು. ಎರಡನೆಯವರಿಗೂ ಅದೇ ಹೊಳೆಯಿತು. ಮೂರನೆಯವರು ಬಿಳಿ ಕೋಟು ಮನೆಯಿಂದಲೇ ತರುತ್ತೇನೆ ಎಂದರು. ಸಂಜೆಯಾಗುವಷ್ಟರಲ್ಲಿ ನಮ್ಮ ಕೈಯಲ್ಲಿ ಒಂದು ಆಸ್ಪತ್ರೆಗೆ ಸಾಕಾಗುವಷ್ಟು ಡಾಕ್ಟರುಗಳಿದ್ದರು, ರೋಗಿ ಒಬ್ಬರೂ ಇರಲಿಲ್ಲ. ಕೊನೆಯವರಿಗೆ, ಡಾಕ್ಟರ ಪಾತ್ರ ತುಂಬಿಹೋಗಿದೆ, ಉಳಿದಿರುವುದು ಬಳಸುವವರ ಪಾತ್ರ ಮಾತ್ರ ಎಂದು ಬಾಸ್ ಕೈಮುಗಿದು ಹೇಳಿದರು. ಅವರು ಬಾಗಿಲವರೆಗೆ ಹೋಗಿ ತಿರುಗಿ ನಿಂತು, ಕಾಂಪೌಂಡರ್ ಇದ್ದಾರೆಯೇ ಎಂದು ಕೇಳಿದರು.

ಗೆಳೆಯನೊಬ್ಬನಿಗೆ

ಬಳಸುವವರ ಮನಸ್ಸು ತಿಳಿಯದೆ ಇದು ಆಗುವುದಿಲ್ಲ ಎನಿಸಿತು. ನಮ್ಮ ಮನೆಯ ಹತ್ತಿರ ಉಡುಪಿ ಕಡೆಯವರ ಒಂದು ಹೋಟೆಲಿದೆ. ಸಂಜೆ ಅಲ್ಲಿ ರಿಟೈರ್ ಆದವರ ಒಂದು ಗುಂಪು ಕಾಫಿಗೆ ಸೇರುತ್ತದೆ. ಮಾಲೀಕರಿಗೆ ವಿಷಯ ತಿಳಿಸಿದೆ. "ಕೇಳಿ ಮೇಡಂ, ಇದರಲ್ಲಿ ನಾಚಿಕೆ ಎಂತದ್ದು? ಫ್ಯಾಮಿಲಿ ರೂಮು ಕೊಡ್ತೇನೆ, ಬಾಗಿಲು ಹಾಕಿ ಆರಾಮಲ್ಲಿ ಮಾತಾಡಿ" ಎಂದು ತಾವೇ ಅವರನ್ನೆಲ್ಲ ಒಳಗೆ ಕಳಿಸಿದರು.

ಅಲ್ಲಿದ್ದ ಯಾರಿಗೂ ಆ ತೊಂದರೆ ಇರಲಿಲ್ಲ. ಆದರೆ ಪ್ರತಿಯೊಬ್ಬರಿಗೂ ಆ ತೊಂದರೆ ಇರುವ ಒಬ್ಬ ಗೆಳೆಯನಿದ್ದ. ಒಬ್ಬರ ಗೆಳೆಯ ಫಾಸ್ಟ್ ಲೋಕಲ್ ರೈಲು ಹತ್ತುವುದನ್ನೇ ಬಿಟ್ಟಿದ್ದನಂತೆ. ಫಾಸ್ಟ್ ಲೋಕಲ್ ಎಲ್ಲ ಕಡೆ ನಿಲ್ಲುವುದಿಲ್ಲವಲ್ಲ, ಅದಕ್ಕೆ. ಸ್ಲೋ ಲೋಕಲ್ಲಿನಲ್ಲಿ ಹೋದರೆ ಯಾವ ಸ್ಟೇಷನ್ನಿನಲ್ಲಿ ಯಾವ ತುದಿಗೆ ಶೌಚಾಲಯ ಇದೆ ಎನ್ನುವುದು ಆ ಗೆಳೆಯನಿಗೆ ಬಾಯಿಪಾಠ. ಪುಣೆಯಲ್ಲಿರುವ ಮಗಳ ಮನೆಗೆ ಹೋಗದೆ ಬಹಳ ಕಾಲವಾಯಿತು, ಮೊಮ್ಮಗ ಫೋನಿನಲ್ಲಿ ಮಾತ್ರ ಕಾಣುತ್ತಾನೆ. ಇದನ್ನು ಹೇಳುವಾಗ ಅವರು ಕಾಫಿ ಲೋಟವನ್ನೇ ನೋಡುತ್ತಿದ್ದರು. ನಾನೂ ಲೋಟವನ್ನೇ ನೋಡಿದೆ.

ಆಮೇಲೆ ಅವರೇ, ಇದರಲ್ಲಿ ಅಳತೆ ಹೇಗೆ ಎಂದು ಕೇಳಿದರು. ಅಂಗಿಯ ಹಾಗೆ ಸಣ್ಣದು ದೊಡ್ಡದು ಇದೆ, ನಿಮ್ಮ ಗೆಳೆಯರ ಸೊಂಟ ಎಷ್ಟಿರಬಹುದು ಎಂದೆ. ಅವರು ಎದ್ದು ನಿಂತು, ಅಂಗಿಯನ್ನು ಎಳೆದು ಹಿಡಿದು, ನಿಧಾನಕ್ಕೆ ಒಂದು ಸುತ್ತು ತಿರುಗಿ, "ಹೆಚ್ಚುಕಮ್ಮಿ ಹೀಗೇ ಇದ್ದಾನೆ" ಅಂದರು. ಪಕ್ಕದವರೂ ಎದ್ದರು. ತಮ್ಮ ಗೆಳೆಯ ಇವರ ಗೆಳೆಯನಿಗಿಂತ ತುಸು ತೆಳ್ಳಗೆ ಎಂದು ಅವರೂ ತಿರುಗಿ ತೋರಿಸಿದರು.

ಹೊರಡುವಾಗ ಮಾಲೀಕರು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದು, ಕಾಫಿಗೆ ದುಡ್ಡು ಬೇಡ ಎಂದರು. ಆಮೇಲೆ ಅತ್ತ ಇತ್ತ ನೋಡಿ ಪಿಸುಗುಟ್ಟಿದರು: "ಇಡೀ ದಿನ ಕೌಂಟರ್ ಬಿಟ್ಟು ಏಳ್ಲಿಕ್ಕೆ ಆಗದ ಒಬ್ಬ ಗೆಳೆಯ ನನಗೂ ಉಂಟು ಮೇಡಂ."

ಚಿನ್ನದ ಅಂಚಿನ ಡಬ್ಬಿ

ಅಲ್ಲಿ ತಿಳಿದದ್ದು ಇಷ್ಟು: ವಸ್ತು ಎಲ್ಲರಿಗೂ ಬೇಕು, ಆದರೆ ಕೈಯಲ್ಲಿ ಹಿಡಿದದ್ದು ಯಾರಿಗೂ ಕಾಣಬಾರದು. ಮೆಡಿಕಲ್ ಅಂಗಡಿಯವರು ಇಂಥದ್ದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಚೀಲಕ್ಕೆ ಹಾಕುತ್ತಾರೆ. ಕಪ್ಪು ಚೀಲ ಕಂಡರೆ ಇಡೀ ರಸ್ತೆಗೆ ಗೊತ್ತಾಗುತ್ತದೆ. ಅದಕ್ಕೆ ನಾನು, ಡಬ್ಬಿಯೇ ಸಿಹಿತಿಂಡಿಯ ಡಬ್ಬಿಯ ಹಾಗೆ ಇದ್ದರೆ ಎದೆಯೆತ್ತಿ ಹಿಡಿದುಕೊಂಡು ಹೋಗಬಹುದಲ್ಲ ಎಂದೆ. ಬಾಸ್ ಕುರ್ಚಿಯಿಂದ ಎದ್ದುನಿಂತರು. ಕುಂಕುಮ ಬಣ್ಣ, ಚಿನ್ನದ ಅಂಚು, ನಡುವೆ ಹೂವಿನ ಬಳ್ಳಿ. ವಸ್ತುವಿನ ಹೆಸರು ತಳಭಾಗದಲ್ಲಿ, ಇರುವೆ ಓದುವಷ್ಟು ಸಣ್ಣದಾಗಿ. ಸೇಠ್‌ಜೀ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿ, ಈಗ ಮರ್ಯಾದೆ ಬಂತು ಎಂದರು.

ದೀಪಾವಳಿಗೆ ಸ್ವಲ್ಪ ಮೊದಲು, ಒಳಗೆ ಡಯಾಪರ್ ತುಂಬಿದ ಮಾದರಿ ಡಬ್ಬಿಗಳು ಆಫೀಸಿಗೆ ಬಂದವು. ಅವನ್ನು ಮೆಡಿಕಲ್ ಅಂಗಡಿಗಳಿಗೆ ಕಳಿಸಬೇಕಿತ್ತು. ಅದೇ ಮಧ್ಯಾಹ್ನ, ನಮಗೆ ಬೇಕಾದವರಿಗೆ ಹಬ್ಬಕ್ಕೆ ಕೊಡಲು ಬಾಸ್ ಹೇಳಿದ್ದ ಕಾಜೂ ಕತ್ಲಿಯ ಡಬ್ಬಿಗಳೂ ಬಂದವು. ನಾನೂ ಬಾಸೂ ಹೊರಗೆ ಹೋಗಿದ್ದೆವು. ಕಾಕಾ ಎರಡು ರಾಶಿಯನ್ನೂ ನೋಡಿದರು. ಕಾಜೂ ಕತ್ಲಿಯದ್ದು ಬರಿ ಬಿಳಿ ಡಬ್ಬಿ. ಯಾವುದು ಹಬ್ಬದ್ದು ಎಂದು ಯಾರನ್ನಾದರೂ ಕೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಚಿನ್ನದ ಅಂಚಿನವು ಬೇಕಾದವರಿಗೆ ಹೋದವು, ಬಿಳಿಯವು ಮೆಡಿಕಲ್ ಅಂಗಡಿಗಳಿಗೆ. ಅಂಗಡಿಯವರಿಂದ ಮಾತ್ರ ಒಂದು ದೂರೂ ಬರಲಿಲ್ಲ.

ಮರುದಿನ ಕಾಕಾರನ್ನು ಕೇಳಿ ತಿಳಿದ ಕೂಡಲೇ ನಾನು ಫೋನ್ ಹಿಡಿದು ಕೂತೆ. ಇಲ್ಲಿ ಒಂದು ಪದ್ಧತಿಯನ್ನು ವಿವರಿಸಬೇಕು. ಮುಂಬಯಿಯಲ್ಲಿ ಹಬ್ಬಕ್ಕೆ ಬಂದ ಡಬ್ಬಿಯನ್ನು ಬಹಳ ಜನ ತೆರೆಯುವುದಿಲ್ಲ, ಹಾಗೇ ಇನ್ನೊಬ್ಬರಿಗೆ ದಾಟಿಸುತ್ತಾರೆ. ದಾಟಿಸಿದ್ದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಮೊದಲು ಫೋನ್ ಮಾಡಿದ್ದು ಪ್ರಿಂಟಿಂಗ್ ಪ್ರೆಸ್ಸಿನವರಿಗೆ. ಡಬ್ಬಿ ತೆರೆದಿರಾ ಎಂದೆ. ಮನೆಯವರೆಲ್ಲ ತಿಂದೆವು, ತುಪ್ಪ ಬಹಳ ಚೆನ್ನಾಗಿತ್ತು ಎಂದರು. ಸ್ಟುಡಿಯೋದವರು, ಮಕ್ಕಳು ಒಂದು ಚೂರೂ ಉಳಿಸಲಿಲ್ಲ ಎಂದರು. ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ, ಬಾಯಲ್ಲಿಟ್ಟರೆ ಕರಗುತ್ತದೆ ಎಂದರು.

ನಿಜ ಹೇಳಿದವರು ಹೋಟೆಲಿನ ಮಾಲೀಕರೊಬ್ಬರೇ. "ಅದನ್ನು ಆಗಲೇ ನಮ್ಮ ವಕೀಲರಿಗೆ ಕೊಟ್ಟಾಯ್ತು ಮೇಡಂ. ಎತ್ತಿ ನೋಡಿದೆ, ಹಗುರ ಇತ್ತು, ಸೋನ್‌ಪಾಪ್ಡಿ ಅಂತ ಗೊತ್ತಾಯ್ತು. ಅದನ್ನು ಯಾರು ಮಾರಾಯ್ರೆ ಮನೆಯಲ್ಲಿ ಇಟ್ಕೊಳ್ತಾರೆ?"

ಬೀಗರ ಉಡುಗೊರೆ

ಹಬ್ಬ ಮುಗಿದ ಮೇಲೆ ಸೇಠ್‌ಜೀ ವಿಕ್ರೋಳಿಗೆ ಕರೆಸಿದರು. ಅವರ ಮೇಜಿನ ಮೇಲೆ ಆ ಡಬ್ಬಿ ಇತ್ತು. ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ಮಡಿಸಿಟ್ಟ, ಉಡುಗೊರೆಗೆ ಸುತ್ತುವ ಜರಿ ಕಾಗದ. ನಮ್ಮ ಕೆಲಸ ಹೋಯಿತು ಎಂದು ನನಗೆ ಕಾಗದ ಕಂಡಾಗಲೇ ಖಾತ್ರಿಯಾಯಿತು. ಬಾಸ್ ಕೂರದೆ ನಿಂತೇ ಇದ್ದರು.

ಸೇಠ್‌ಜೀ ಎಂದಿನ ಮೆಲುದನಿಯಲ್ಲಿ, ಈ ಡಬ್ಬಿ ಇವತ್ತಿಗೆ ಬಂದ್ ಎಂದರು. ಹೊಸದು ಬೇರೆ ಬಣ್ಣದಲ್ಲಿ ಬೇಕು, ಒಳಗೆ ಏನಿದೆ ಎನ್ನುವುದು ರಸ್ತೆಯ ಆಚೆ ಬದಿಯಿಂದ ಓದುವ ಹಾಗಿರಬೇಕು, ಎಷ್ಟು ದಿನದಲ್ಲಿ ಮಾಡಿಕೊಡುತ್ತೀರಿ ಎಂದು ಕೇಳಿದರು. ಅಂದರೆ ನಮ್ಮನ್ನು ತೆಗೆದಿರಲಿಲ್ಲ. ಬಾಸಿಗೆ ನಂಬಿಕೆ ಬಾರದೆ, ತಾವು ಬೇರೆ ಏಜೆನ್ಸಿ ನೋಡಬಹುದು ಎಂದು ನಾವು ಅಂದುಕೊಂಡಿದ್ದೆವು ಎಂದುಬಿಟ್ಟರು. ನಾನು ಅವರ ಕಾಲು ತುಳಿದೆ.

"ನಿಮ್ಮನ್ನು ತೆಗೆದರೆ ಯಾಕೆ ತೆಗೆದೆ ಅಂತ ಕಂಪನಿಯಲ್ಲಿ ಪಾಲಿರುವ ನನ್ನ ಅಣ್ಣತಮ್ಮಂದಿರಿಗೆ ಹೇಳಬೇಕಾಗುತ್ತದೆ" ಎಂದರು ಸೇಠ್‌ಜೀ. "ಅವರಿಗೆ ನಾನು ಇದನ್ನು ಹೇಳುವುದಿಲ್ಲ."

ಆಮೇಲೆ ಎದ್ದು ಬಾಗಿಲು ಹಾಕಿ ಬಂದು, ನಮಗೆ ಹೇಳಿದರು.

ಡಬ್ಬಿ ಬಂದದ್ದು ಅವರ ಬೀಗರ ಮನೆಯಿಂದ, ಅಂದರೆ ಮಗಳ ಮಾವನಿಂದ. ಬೀಗರಿಗೆ ಎಲ್ಲಿಂದ ಬಂತೋ, ಎಷ್ಟು ಮನೆ ದಾಟಿ ಬಂತೋ ದೇವರಿಗೇ ಗೊತ್ತು. ಅವರು ಅದರ ಮೇಲೆ ಜರಿ ಕಾಗದ ಸುತ್ತಿಸಿ ಕಳಿಸಿದ್ದರಿಂದ ಸೇಠ್‌ಜೀಗೆ ತಮ್ಮದೇ ಡಬ್ಬಿ ಎಂದು ತಿಳಿಯಲಿಲ್ಲ. ಬೀಗರೆಂದರೆ ಮರ್ಯಾದೆ. ಡಬ್ಬಿ ಕೈಗೆ ಬಂದ ಕೂಡಲೇ, ಬಿಚ್ಚುವ ಮೊದಲೇ ಫೋನ್ ಮಾಡಿ, ಬಹಳ ರುಚಿಯಾಗಿದೆ, ಇಂಥದ್ದನ್ನು ಈವರೆಗೆ ತಿಂದೇ ಇಲ್ಲ, ಯಾವ ಅಂಗಡಿಯದು ಎಂದು ಕೇಳಿದರು. ಬೀಗರೂ ಅದನ್ನು ಬಿಚ್ಚಿ ನೋಡಿದವರಲ್ಲ. ಯಾವುದೋ ಅಂಗಡಿಯ ಹೆಸರು ಹೇಳಿ ಸಿಕ್ಕಿಬೀಳುವುದು ಬೇಡವೆಂದು, ಅಂಗಡಿಯದಲ್ಲ, ನಿಮ್ಮ ಮಗಳೇ ಕೈಯಾರೆ ಮಾಡಿದ್ದು ಎಂದರು.

ಅದನ್ನು ಕೇಳಿ ಸೇಠ್‌ಜೀಯ ಹೆಂಡತಿಗೆ ಕಣ್ಣೀರೇ ಬಂತಂತೆ. ತವರಿನಲ್ಲಿದ್ದಷ್ಟು ದಿನ ಗ್ಯಾಸ್ ಹಚ್ಚದ ಹುಡುಗಿ. ಇಬ್ಬರೂ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತು ಮಗಳಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. ಹೆಂಡತಿ ಕಾಗದ ಹರಿಯದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಿದ್ದರು. ಇದು ನಿಜವಾಗಿ ನೀನೇ ಮಾಡಿದ್ದಾ ಬೇಟಾ ಎಂದು ಸೇಠ್‌ಜೀ ಕೇಳುವುದಕ್ಕೂ, ಮುಚ್ಚಳ ತೆರೆಯುವುದಕ್ಕೂ ಸರಿಹೋಯಿತು. ಮಗಳ ಎದುರಿಗೆ ಅವಳ ಮಾವ ಕೂತಿದ್ದರೋ ಏನೋ, ಅವಳು ಒಂದು ಗಳಿಗೆಯೂ ತಡಮಾಡಲಿಲ್ಲ.

"ಹೌದು ಪಪ್ಪಾ, ನಾನೇ ಮಾಡಿದ್ದು. ಯಾಕೆ, ಕೇಸರಿ ಸ್ವಲ್ಪ ಜಾಸ್ತಿ ಆಯ್ತಾ?"