ಹೆಂಡತಿಯ ಹೆಸರಿನಲ್ಲಿ ಪ್ರೇಮಕಥೆ

ಪ್ರೇಮಕಥೆ ಬರೆಯುವವನ ಮನೆಯಲ್ಲಿ ಪ್ರೇಮ ಇರುತ್ತದೋ ಇಲ್ಲವೋ, ಫಜೀತಿಗಂತೂ ಬರವಿಲ್ಲ. ಮೊದಲೆಲ್ಲ ಫಜೀತಿಯಾದಾಗ ನಾವಿಬ್ಬರೂ ಕೂತು ನಗುತ್ತಿದ್ದೆವು. ಹೋದ ವರ್ಷದಿಂದ ನಾನೊಬ್ಬನೇ ನಗಬೇಕಾಗಿದೆ. ಒಬ್ಬನೇ ನಕ್ಕರೆ ನಗು ಅರ್ಧಕ್ಕೇ ನಿಲ್ಲುತ್ತದೆ.

೧. ಹೆಸರು

ಬಳ್ಳಾರಿಯ ಗಾಂಧಿನಗರದಲ್ಲಿ ಗುಮಾಸ್ತನಾಗಿದ್ದಾಗ ಮೊದಲ ಪ್ರೇಮಕಥೆ ಬರೆದು, ಒಂದು ವಾರಪತ್ರಿಕೆಯ ಸಂಪಾದಕರಿಗೆ ಕೊಟ್ಟೆ. ಅವರು ಓದಿ ಕಣ್ಣೊರೆಸಿಕೊಂಡರು. ಕೊನೆಯಲ್ಲಿ ನನ್ನ ಹೆಸರು ನೋಡಿ ಕನ್ನಡಕ ತೆಗೆದರು.

“ಕಥಿ ಭಾರಿ ಐತಿ. ಆದ್ರ ದೊಡ್ಡಬಸಪ್ಪ ಅಂತ ಹೆಸರು ಹಾಕಿದ್ರ ಜನ ಗೊಬ್ಬರದ ಜಾಹೀರಾತು ಅನ್ಕೋತಾರ್ರಿ. ಮನಿಯಾಗ ಬ್ಯಾರೆ ಹೆಸರು ಯಾವುದರ ಐತೇನು?”

ಮನೆಯಲ್ಲಿ ಇದ್ದದ್ದು ಹೆಂಡತಿಯ ಹೆಸರು. ಅಂದಿನಿಂದ ಅವಳು ಲೇಖಕಿಯಾದಳು, ನಾನು ಲೇಖಕಿಯ ಗಂಡನಾದೆ.

೨. ಸನ್ಮಾನ

ಸಿರುಗುಪ್ಪದ ಹೆಂಗಸರ ಸಂಘವೊಂದು ಅವಳನ್ನು ಸನ್ಮಾನಕ್ಕೆ ಕರೆಯಿತು. ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿಸಿದೆ. ವೇದಿಕೆ ಹತ್ತಿದ್ದೇ ಎಲ್ಲ ಮರೆತಳು. ಕಾಲೇಜು ಹುಡುಗಿಯೊಬ್ಬಳು ಎದ್ದು, “ಇಷ್ಟು ಪ್ರೀತಿ ಹೆಂಗ ಬರೀತೀರಿ ಮೇಡಂ?” ಎಂದಳು.

“ನಾನು ಒಲಿ ಮ್ಯಾಲೆ ಬ್ಯಾಳಿ ಇಡ್ತೀನವ್ವ. ಅದು ಬೇಯೋದ್ರಾಗ ಕಥಿ ಮುಗಿದಿರ್ತೈತಿ.”

ಅದು ಅಪ್ಪಟ ಸತ್ಯ. ಸಭೆ ಅದರಲ್ಲಿ ಏನೋ ಆಳವಾದ ಅರ್ಥ ಕಂಡು ಚಪ್ಪಾಳೆ ತಟ್ಟಿತು.

ವಾಪಸು ಬರುವಾಗ ಬಸ್ಸಿನಲ್ಲಿ ಶಾಲು ಮಡಚುತ್ತ ಕೇಳಿದಳು: “ಕಥಿಯಾಗ ಆ ಹುಡುಗ ಹುಡುಗಿಗೆ ಹೇಳೋ ಮಾತು ನನಗ ಒಂದ್ ಸಲನರ ಹೇಳೀರೇನು? ನಾನೂ ಊರ ಮಂದಿ ಜೋಡಿ ಪತ್ರಿಕಿಯಾಗ ಓದಬೇಕು.”

ಪುಟಗಟ್ಟಲೆ ಪ್ರೇಮ ಬರೆಯುವ ನನಗೆ ಕಿಟಕಿಯಾಚೆ ನೋಡಿ, “ಈ ಸಲ ಭತ್ತ ಚಲೋ ಬಂದೈತಿ” ಎಂದಷ್ಟೇ ಹೊಳೆಯಿತು.

೩. ವರ

ಕುರುಗೋಡಿನ ಹಿರಿಯರೊಬ್ಬರು ಮಗಳ ಫೋಟೋ ಹಿಡಿದು ಮನೆಗೆ ಬಂದರು. ಆಗ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದ ನನ್ನ ಧಾರಾವಾಹಿಯ ನಾಯಕ, ಹೆಂಡತಿಗೆ ದಿನಾ ಚಹಾ ಮಾಡಿಕೊಡುವ ಮೇಷ್ಟ್ರು, ನಿಜವಾಗಿ ಇದ್ದಾನೆಂದು ಅವರು ನಂಬಿದ್ದರು.

“ಹುಡುಗನ ಕುಲ-ಬೆಡಗು ಯಾವುದವ್ವ? ಮನಿತನ ಹೆಂಗ?”

“ಅಂಥಾವ ಖರೇನ ಇಲ್ರಿ ಅಣ್ಣಾರ,” ಎಂದಳು ಇವಳು. “ಇದ್ದಿದ್ರ ನಾನ ಬಿಡ್ತಿದ್ದಿಲ್ಲ.”

ಅವರು ಹೋದ ಮೇಲೆ, ಜೀವಮಾನದಲ್ಲಿ ಮೊದಲ ಸಲ, ಅವಳಿಗೆ ಚಹಾ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, “ನೀವು ಬರಿಯೋದ ಚಲೋ ಬಿಡ್ರಿ” ಎಂದಳು.

೪. ನೆನಪು

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ಬಿಟ್ಟಳು. ದೂರದ ಊರಿನಿಂದ ಬಂದಿದ್ದ ಎಳೆಯ ಡಾಕ್ಟರು ನನ್ನನ್ನು ತೋರಿಸಿ, “ಇವರ ಹೆಸರೇನಮ್ಮ?” ಎಂದರು. ಸುಮ್ಮನಿದ್ದಳು. “ಗಂಡನ ಹೆಸರು ನೆನಪಿದೆಯಾ?” ಮುಖ ಆಚೆ ತಿರುಗಿಸಿದಳು. ಡಾಕ್ಟರು ಚೀಟಿಯಲ್ಲಿ ‘ನೆನಪು ಹೋಗಿದೆ’ ಎಂದು ಬರೆದರು.

ಗಂಡನ ಹೆಸರನ್ನು ಅವಳು ಎಂದೂ ನೇರವಾಗಿ ಬಾಯಿಬಿಟ್ಟು ಹೇಳಿದವಳಲ್ಲ, ಅದು ನಮ್ಮ ಕಡೆಯ ಹಳೆಯ ರೂಢಿ. ಆದರೆ ಈ ಮೌನ ರೂಢಿಯದೋ ರೋಗದ್ದೋ ನನಗೂ ತಿಳಿಯಲಿಲ್ಲ. ಅವಳ ಪಾಲಿಗೆ ನಾನು ಯಾರೋ ಆಗಿಬಿಟ್ಟೆನೇ ಎಂದು, ಅವಳು ಮುಖ ತಿರುಗಿಸಿದ ಕಡೆಗೇ ಹೋಗಿ ನಿಂತೆ.

ನರ್ಸಮ್ಮ ನಮ್ಮ ಊರಿನವರು, ‘ಅವಳ’ ಕಥೆಗಳ ಅಭಿಮಾನಿ. “ಹಂಗ ಕೇಳಿದ್ರ ಹೆಂಗ ಹೇಳ್ತಾರ್ರಿ ಸಾರ್?” ಎಂದು ಅವಳ ಕಿವಿಗೆ ಬಾಗಿದರು. “ಅಮ್ಮಾ, ಮದುವ್ಯಾಗ ಹೇಳಿದಂಗ ಒಡಪು ಹಾಕಿ, ಪದದಾಗ ಹೆಸರು ಸೇರಿಸಿ ಹೇಳ್ರಿ.”

ಸೊಟ್ಟಗಾಗಿದ್ದ ತುಟಿ ನಿಧಾನವಾಗಿ ಅಲುಗಿತು.

“ಬ್ಯಾಳಿ ಬೇಯೋದ್ರಾಗ ಕಥಿ ಮುಗಿತಪ್ಪ,
ನನ್ನ ಹೆಸರಾಗ ಬರಿಯೋ ಕಳ್ಳ ದೊಡ್ಡಬಸಪ್ಪ.”

ವಾರ್ಡೆಲ್ಲ ನಕ್ಕಿತು. ನರ್ಸಮ್ಮ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಯ್ಯ, ಇಷ್ಟು ವರ್ಷ ನಾನು ಅತ್ತಿದ್ದು ಈ ಅಜ್ಜನ ಕಥಿಗೇನು?” ಎಂದರು.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. ನಾನು ಅವಳ ಕೈ ಹಿಡಿದು, ಅಂದು ಬಸ್ಸಿನಲ್ಲಿ ಬಾಯಿಗೆ ಬಾರದ ಮಾತನ್ನು ಎಲ್ಲರೆದುರೇ ಹೇಳಿಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಆಮೇಲೆ ಆಡಿದ್ದು ಒಂದೇ ಮಾತು, ಅದೇ ಅವಳ ಬದುಕಿನ ಕೊನೆಯ ಮಾತು:

“ಇದು ಯಾವ ಕಂತಿನ್ಯಾಗ ಬಂದಿತ್ರಿ?”