ಟೇಲರಿಗೆ ಚುಚ್ಚದ ಸೂಜಿ

ದಿನಕ್ಕೆ ಸಾವಿರ ಸಲ ಬಟ್ಟೆಗೆ ಸೂಜಿ ಚುಚ್ಚುವ ಟೇಲರಿಗೆ ತನ್ನ ಮೈಗೆ ಒಂದೇ ಒಂದು ಸೂಜಿ ಅಂದರೆ ಕೈಕಾಲು ತಣ್ಣಗಾಗುತ್ತಿತ್ತು. ಆದ ಅವಾಂತರಕ್ಕೆಲ್ಲ ಅದೇ ಮೂಲ.

ಅವನ ಅಕ್ಕನಿಗೆ ದೂರದ ಬಸ್ ಪ್ರಯಾಣ ಮುಗಿಸಿ ಇಳಿಯುವಷ್ಟರಲ್ಲಿ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಗುಣವೇನೋ ಆಯಿತು. ಆದರೆ ರಕ್ತ ಬೇಗ ಹೆಪ್ಪುಗಟ್ಟುವ ಈ ದೋಷ ವಂಶದಲ್ಲೇ ಇಳಿದು ಬಂದಿದೆ, ಒಡಹುಟ್ಟಿದವರೂ ಜೀನ್ ಪರೀಕ್ಷೆ ಮಾಡಿಸಲಿ ಅಂದರು ಡಾಕ್ಟರು. ಅಕ್ಕ ಫೋನಿನಲ್ಲೇ ಅಪ್ಪಣೆ ಹೊರಡಿಸಿದಳು. "ಆಯ್ತಕ್ಕ" ಅಂದ ಟೇಲರು ನೆಟ್ಟಗೆ ಪಕ್ಕದ ಅಂಗಡಿಯ ಇಸ್ತ್ರಿಯವನ ಹತ್ತಿರ ಹೋದ. ಒಂದು ಪ್ಯಾಂಟು ಪುಕ್ಕಟೆ ಹೊಲಿದುಕೊಡುವ ಮಾತಿನ ಮೇಲೆ, ತನ್ನ ಹೆಸರಲ್ಲಿ ರಕ್ತ ಕೊಟ್ಟು ಬರಲು ಅವನನ್ನು ಲ್ಯಾಬಿಗೆ ಅಟ್ಟಿದ.

ಎರಡು ವಾರದ ಮೇಲೆ ಒಂದು ಬೆಳಗ್ಗೆ ಹೆಂಡತಿಯ ಫೋನಿಗೆ ವರದಿ ಬಂತು. ಅವಳು ಅದನ್ನು ಮಹಡಿ ಮನೆಯ ನಿವೃತ್ತ ನರ್ಸಮ್ಮನಿಗೆ ತೋರಿಸಿದಳು. ನರ್ಸಮ್ಮ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಅಂದರು: "ಇದೆ ಕಣಮ್ಮ. ಅಕ್ಕನಿಗಿರೋದೇ ಇವರಿಗೂ ಇದೆ."

ಟೇಲರಿಗೆ ಒಳಗೊಳಗೇ ನಗು. ತನ್ನದಲ್ಲದ ರಕ್ತಕ್ಕೆ ತಾನೇಕೆ ಹೆದರಬೇಕು? ಆ ನಗು ಹತ್ತು ನಿಮಿಷ ಬಾಳಿತು. ಅಷ್ಟರಲ್ಲಿ ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲನ್ನೇ ಎತ್ತಿಕೊಂಡು ಹೋಗಿದ್ದಳು.

"ಇನ್ಮೇಲೆ ಗಂಟೆಗಟ್ಟಲೆ ಕೂರೋ ಹಾಗಿಲ್ಲ, ರೀ."

"ನಾಳೆಗೆ ಅರವತ್ತು ಯೂನಿಫಾರಂ ಕೊಡಬೇಕು ಕಣೆ. ನಿಂತ್ಕೊಂಡು ಹೊಲಿಯೋಕೆ ನಾನೇನು ಕೊಕ್ಕರೆನಾ?"

"ಕೊಕ್ಕರೆ ಆದ್ರೂ ಪರವಾಗಿಲ್ಲ, ಜೀವಂತ ಇರಿ."

ನರ್ಸಮ್ಮ ಅವನ ಕಾಲಿಗೆ ತೊಡೆಯವರೆಗೂ ಬಿಗಿ ಕಾಲುಚೀಲ ಏರಿಸಿದರು. ಅರ್ಧ ಗಂಟೆಗೊಮ್ಮೆ ಬಡಿದುಕೊಳ್ಳುವ ಅಲಾರಂ ಇಟ್ಟರು. ಬಡಿದಾಗಲೆಲ್ಲ ಬೀದಿಯ ತುದಿಯವರೆಗೆ ನಡೆದು ಬರಬೇಕು, ಬಂದಮೇಲೆ ಒಂದು ಲೋಟ ನೀರು ಕುಡಿಯಬೇಕು. ಪಾಪ, ನೀರು ಕುಡಿದ ತಪ್ಪಿಗೆ ಅಲಾರಂ ಬಡಿಯುವ ಮೊದಲೇ ಹಿತ್ತಲಿಗೆ ಓಡಬೇಕಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಯೂನಿಫಾರಂ ಆಗಿತ್ತು. ಅದರಲ್ಲಿ ಒಂದಕ್ಕೆ ಎರಡೂ ತೋಳು ಒಂದೇ ಕಡೆ ಕೂತಿದ್ದವು.

ಅಷ್ಟರಲ್ಲಿ ಇಸ್ತ್ರಿಯವನು ಬಾಗಿಲಲ್ಲಿ ಇಣುಕಿದ. "ಟೇಲರಣ್ಣ, ಒಂದು ವಾರ ನನ್ನ ಅಂಗಡಿ ಕಡೆ ಕಣ್ಣಿಟ್ಟಿರಿ. ಸಂಜೆ ಐದರ ಬಸ್ಸಿಗೆ ಮಗಳ ಮನೆಗೆ ಹೊರಟೆ. ಇಪ್ಪತ್ತು ಗಂಟೆ ದಾರಿ."

ಟೇಲರಿಗೆ ಆಗ ಹೊಳೆಯಿತು. ದೋಷವಿರುವ ರಕ್ತ ಇವನದು. ಇಪ್ಪತ್ತು ಗಂಟೆ ಕಾಲು ಮಡಿಸಿ ಕೂತರೆ ಅಕ್ಕನಿಗಾದ ಗತಿಯೇ ಇವನಿಗೂ. ಬಾಯಿಬಿಟ್ಟರೆ ತನಗೆ ಸೂಜಿ, ಬಿಡದಿದ್ದರೆ ಇವನ ಪ್ರಾಣ.

"ಒಂದು ನಿಮಿಷ ಈ ಕಡೆ ಬಾ ಮಾರಾಯ, ನಿನ್ನ ಹತ್ರ—"

ಅಲಾರಂ ಬಡಿಯಿತು. ಹೆಂಡತಿ ಒಂದು ರಟ್ಟೆ, ನರ್ಸಮ್ಮ ಇನ್ನೊಂದು ರಟ್ಟೆ ಹಿಡಿದು ಅವನನ್ನು ಬೀದಿಗೆ ನಡೆಸಿದರು. ತಿರುಗಿ ಬರುವಷ್ಟರಲ್ಲಿ ಇಸ್ತ್ರಿಯವನ ಅಂಗಡಿಗೆ ಬೀಗ ಬಿದ್ದಿತ್ತು. ಫೋನು ಮಾಡಿದರೆ ಎತ್ತಲಿಲ್ಲ.

ಟೇಲರು ನಾಲ್ಕೂವರೆವರೆಗೆ ತಡೆದುಕೊಂಡ. ಹೊಲಿದ ಹೊಲಿಗೆಯೆಲ್ಲ ಸೊಟ್ಟ. ಕೊನೆಗೆ ಪ್ಯಾಂಟನ್ನು ಮಂಡಿವರೆಗೆ ಮಡಿಚಿಕೊಂಡಿದ್ದವನು ಹಾಗೆಯೇ, ಬಿಗಿ ಕಾಲುಚೀಲದಲ್ಲೇ, ಬಸ್ ನಿಲ್ದಾಣದ ಕಡೆ ಓಟ ಕಿತ್ತ.

"ಅಯ್ಯೋ, ಹೆಪ್ಪು ತಲೆಗೇರ್ತು ಅಂತ ಕಾಣುತ್ತೆ" ಅಂತ ನರ್ಸಮ್ಮ ಹಿಂದೆ ಓಡಿದರು. ಅವರ ಹಿಂದೆ ಹೆಂಡತಿ, ಕೈಯಲ್ಲಿ ನೀರಿನ ಬಾಟಲಿ.

ಬಸ್ಸು ಗುರುಗುಡುತ್ತಿತ್ತು. ಟೇಲರು ಹತ್ತಿ, ಕಿಟಕಿ ಪಕ್ಕ ಕೂತಿದ್ದ ಇಸ್ತ್ರಿಯವನ ತೋಳು ಹಿಡಿದ. "ಇಳಿ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ. ವರದಿಯಲ್ಲಿ ದೋಷ ಬಂದಿದೆ. ನಾನು ಸೂಜಿಗೆ ಹೆದರಿ ನಿನ್ನ ಕಳಿಸಿದೆ. ಆ ರಕ್ತ ನಂದಲ್ಲ, ನಿಂದು."

ಇಡೀ ಬಸ್ಸು ತಿರುಗಿ ನೋಡಿತು. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ ಹೆಂಡತಿಯೂ ಕೇಳಿಸಿಕೊಂಡಳು. ಮಾನ ಹೋಯಿತು, ಆದರೂ ಟೇಲರ ಎದೆ ಹಗುರಾಯಿತು. ಒಂದು ಜೀವ ಉಳಿಸಿದೆನಲ್ಲ ಅನ್ನಿಸಿ ಕಣ್ಣು ತೇವವಾಯಿತು.

ಇಸ್ತ್ರಿಯವನು ನಿಧಾನವಾಗಿ ಜೇಬಿನಿಂದ ಒಂದು ಮಾತ್ರೆ ಡಬ್ಬಿ ತೆಗೆದ. "ಅದಾ? ಅದು ಎಂಟು ವರ್ಷದ ಹಿಂದೇ ಗೊತ್ತಾಗಿತ್ತಲ್ಲ, ಟೇಲರಣ್ಣ. ಕೂತು ಮಾಡೋ ಕೆಲಸ ಬೇಡ ಅಂದ್ರು ಡಾಕ್ಟ್ರು, ಅದಕ್ಕೇ ನಿಂತು ಇಸ್ತ್ರಿ ಮಾಡ್ತಿರೋದು. ಈ ಪ್ರಯಾಣಕ್ಕೂ ಅವರನ್ನ ಕೇಳೇ ಹೊರಟಿರೋದು. ಎರಡು ಗಂಟೆಗೊಮ್ಮೆ ಬಸ್ ನಿಲ್ಲುತ್ತೆ, ಇಳಿದು ಓಡಾಡ್ತೀನಿ."

"ಮತ್ತೆ ನನ್ನ ಹೆಸರಲ್ಲಿ ರಕ್ತ ಕೊಡುವಾಗ ಹೇಳಬಾರದಿತ್ತಾ?"

"ನೀವು ರಕ್ತ ಕೊಟ್ಟು ಬಾ ಅಂದ್ರಿ, ಕೊಟ್ಟು ಬಂದೆ. ದೋಷ ಇಲ್ಲದ್ದೇ ಬೇಕು ಅಂದಿದ್ರೆ ನನ್ನ ಭಾವಮೈದನ್ನ ಕಳಿಸ್ತಿದ್ದೆ."

ಹೆಂಡತಿ ಅವನನ್ನು ಬಸ್ಸಿಂದ ಇಳಿಸಿಕೊಂಡು ಗಡಿಯಾರ ನೋಡಿದಳು.

"ಲ್ಯಾಬು ಆರರವರೆಗೆ ತೆಗೆದಿರುತ್ತೆ, ಅಲ್ವಾ ನರ್ಸಮ್ಮ?"

"ಇರುತ್ತೆ. ಅಲ್ಲಿರೋ ಹುಡುಗಿ ನನ್ನ ಶಿಷ್ಯೆ, ಕೇಳಿದ್ರೆ ಸೂಜಿ ನನ್ನ ಕೈಗೇ ಕೊಡ್ತಾಳೆ" ಅಂದರು ನರ್ಸಮ್ಮ, ಕನ್ನಡಕ ಒರೆಸುತ್ತಾ. "ನಾನು ಚುಚ್ಚಿ ಹನ್ನೆರಡು ವರ್ಷ ಆಯ್ತು. ನಾಲ್ಕು ಸಲ ತಪ್ಪಿದ್ರೂ ಐದನೇ ಸಲ ನರ ಸಿಕ್ಕೇ ಸಿಗುತ್ತೆ."

ಟೇಲರು ಹೊರಡುತ್ತಿದ್ದ ಬಸ್ಸಿನ ಕಂಡಕ್ಟರನ್ನು, ಇನ್ನೊಂದು ಸೀಟು ಇದೆಯೇ ಅಂತ ಕೇಳಿದ. ಕಂಡಕ್ಟರು ಇಲ್ಲವೆಂದು ತಲೆಯಾಡಿಸಿ ಬಾಗಿಲು ಹಾಕಿಕೊಂಡ.