ಭಾವನ ಬೋಟು, ಅಕ್ಕನ ಸ್ಕೂಟರು

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನವೂ ಸಾವಿರಾರು ಜನರು ನಿಂತಲ್ಲೇ ನಿಂತು ವೇಗದ ಬಗ್ಗೆ ಚಿಂತಿಸುತ್ತಾರೆ. ಅವರೆಲ್ಲರ ಚಿಂತೆ ನೆಲಕ್ಕೆ ಸಂಬಂಧಿಸಿದ್ದು. ಉತ್ತರ ಬೆಂಗಳೂರಿನಲ್ಲಿ ನೀರಿನ ಮೇಲಿನ ವೇಗದ ಬಗ್ಗೆ ಚಿಂತಿಸಿ ನಿದ್ದೆಗೆಟ್ಟವರು ಒಬ್ಬರೇ ಒಬ್ಬರು. ಅವರು ನನ್ನ ಅಕ್ಕನ ಗಂಡ. ಇದರಲ್ಲಿ ಉತ್ಪ್ರೇಕ್ಷೆಯಿದೆ ಎನ್ನುವವರು ಕೊಡಿಗೇಹಳ್ಳಿಯಲ್ಲಿ ಅವರ ಮನೆಯ ಮುಂದೆ ಒಮ್ಮೆ ಹಾದುಹೋಗಬೇಕು. ಬೇರೆಯವರ ಅಂಗಳದಲ್ಲಿ ಕಾರು ನಿಂತಿರುತ್ತದೆ. ಇವರ ಅಂಗಳದಲ್ಲಿ, ಅವರ ತಂದೆಯ ಕಾಲಕ್ಕೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ, ಮೋಟಾರು ಬೋಟು ನಿಂತಿದೆ.

ಭಾವನವರಿಗೆ ಈಜು ಬಾರದು ಎಂಬುದನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಅವರ ಪ್ರಕಾರ ಅದು ವಿಷಯಕ್ಕೆ ಸಂಬಂಧಿಸಿದ್ದಲ್ಲ.

"ಬಸ್ ಓಡ್ಸೋನ್ಗೆ ಓಡೋಕ್ ಬರ್ಬೇಕಾ, ಮೇಷ್ಟ್ರೇ?"

ನಾನು ಶಾಲೆಯ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಅವರಿಗೆ ಮಾತ್ರ ನಾನು ಈಗಲೂ ಮೇಷ್ಟ್ರೇ. ಈ ಪ್ರಶ್ನೆಗೆ ತರ್ಕಬದ್ಧವಾದ ಉತ್ತರವೊಂದನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಮಂಗಳೂರಿನ ಕಡೆಯವರೊಬ್ಬರು ಹಳೆಯ ಬೋಟನ್ನು ಮಾರುತ್ತಾರೆಂದು ಯಾರೋ ಹೇಳಿದರು. ಭಾವನವರು ನೋಡಿಬರುತ್ತೇನೆಂದು ಹೋದರು. ಟ್ರೇಲರಿನ ಮೇಲೆ ಹೇರಿಸಿಕೊಂಡೇ ಬಂದರು. ಬೋಟಿನ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿದ ಇಂಜಿನ್ನು, ಅದರ ಕೆಳತುದಿಯಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಫ್ಯಾನು: ಇಷ್ಟೇ ಅದರ ರಚನೆ. ಬೀದಿಯವರೆಲ್ಲ ಸೇರಿದರು. ಎದುರು ಮನೆಯ ಯುವಕ ಕೇಳಿದ, "ಮಳೆಗಾಲಕ್ಕೆ ಈಗ್ಲೇ ರೆಡಿ ಮಾಡ್ಕೊಂಡ್ರಾ ಅಣ್ಣ? ಲೇಔಟ್ ಮುಳುಗ್ದಾಗ ನಮ್ಮನ್ನೂ ಹತ್ತುಸ್ಕೊಳ್ಳಿ."

"ಆಗ್ಲಿ ಬಿಡಪ್ಪ, ನಿಂಗೂ ಒಂದ್ ಸೀಟು," ಎಂದು ಭಾವನವರು ಗಂಭೀರವಾಗಿಯೇ ಮಾತು ಕೊಟ್ಟರು.

ಬೋಟನ್ನು ಓಡಿಸುವುದು ಎಲ್ಲಿ? ಹುಣಸಮಾರನಹಳ್ಳಿಯ ಆಚೆಗೊಂದು ಕೆರೆ. ಅದರ ಮೀನಿನ ಗುತ್ತಿಗೆ ಹಿಡಿದವರು ಭಾವನವರ ಬಾಲ್ಯಮಿತ್ರರು. ಬಲೆ ಹರಿಯಬಾರದೆಂಬ ಷರತ್ತಿನ ಮೇಲೆ ಅವರು ಭಾನುವಾರದ ಬೆಳಗುಗಳನ್ನು ಇವರಿಗೆ ಬಿಟ್ಟುಕೊಟ್ಟರು.

ಮೊದಲ ಭಾನುವಾರವೇ ಭಾವನವರು ಬೋಟನ್ನು ನೀರಿಗಿಳಿಸಿ, ದಡದಲ್ಲಿ ನಿಂತಿದ್ದ ಅಕ್ಕನನ್ನು ಕೈಚಾಚಿ ಕರೆದರು. ಅಕ್ಕನಿಗೆ ಚಿಕ್ಕಂದಿನಿಂದಲೂ ನೀರೆಂದರೆ ಭಯ. ಯಾತ್ರೆಗೆ ಹೋದರೂ ಹೊಳೆಗೆ ಇಳಿದವಳಲ್ಲ. ಮೆಟ್ಟಿಲ ಮೇಲೆ ನಿಂತು, ಯಾರಾದರೂ ಚೊಂಬಿನಲ್ಲಿ ತಂದುಕೊಟ್ಟ ನೀರನ್ನು ತಲೆಗೆ ಚಿಮುಕಿಸಿಕೊಂಡು ಪುಣ್ಯವನ್ನು ಪೂರೈಸಿಕೊಳ್ಳುವವಳು. ಎಲ್ಲರ ಮುಂದೆ ಗಂಡನಿಗೆ ಒಲ್ಲೆನೆನ್ನಲು ಅವಳಿಗೆ ಮನಸ್ಸಾಗಲಿಲ್ಲ. ಕೆರೆಯ ಏರಿಯ ಮೇಲೆ ನಿಲ್ಲಿಸಿದ್ದ ತನ್ನ ಸ್ಕೂಟರನ್ನು ತೋರಿಸಿ, "ನಿಮ್ ಬೋಟು ನನ್ ಸ್ಕೂಟರನ್ನ ಹಿಂದೆ ಹಾಕ್ಲಿ. ಆವತ್ತು ಹತ್ತುತೀನಿ," ಎಂದಳು.

ಅದು ನಯವಾದ ನಿರಾಕರಣೆ ಎಂಬುದು ನನಗೆ ತಿಳಿಯಿತು. ಮೀನಿನ ಮಿತ್ರರಿಗೂ ತಿಳಿಯಿತು. ಆ ಬೋಟು ಅಂದು ಓಡಿದ ರೀತಿಯನ್ನು ನೋಡಿದ್ದರೆ ಕೆರೆಯ ಬಾತುಕೋಳಿಗೂ ತಿಳಿಯುತ್ತಿತ್ತು. ಭಾವನವರು ಮಾತ್ರ ಅದನ್ನು ಕರಾರೆಂದು ಸ್ವೀಕರಿಸಿದರು.

ಅಂದಿನಿಂದ ಮನೆಯಲ್ಲಿ ವೇಗೋಪಾಸನೆ ಪ್ರಾರಂಭವಾಯಿತು. ಮೊದಲನೆಯ ಶತ್ರು ತೂಕ. ಬೋಟಿನಿಂದ ಲಂಗರು ಇಳಿಯಿತು, ಸಾಮಾನಿನ ಪೆಟ್ಟಿಗೆ ಇಳಿಯಿತು, ನೆಲಕ್ಕೆ ಹಾಸಿದ್ದ ಹಲಗೆ ಇಳಿಯಿತು. ಎದುರು ಮನೆಯ ಯುವಕನಿಗೆ ಕೊಟ್ಟಿದ್ದ ಸೀಟು ಮಾತಿನಲ್ಲಿಯೂ ಹೋಯಿತು, ಬೋಟಿನಿಂದಲೂ ಹೋಯಿತು. ನನ್ನನ್ನು ಹತ್ತಿಸಿಕೊಳ್ಳುವ ಮುನ್ನ ವಿಚಾರಣೆ ನಡೆಯುತ್ತಿತ್ತು.

"ತಿಂಡಿ ಆಯ್ತಾ, ಮೇಷ್ಟ್ರೇ?"

"ಆಯಿತು."

"ಎಷ್ಟ್ ಇಡ್ಲಿ?"

"ನಾಲ್ಕು."

"ಅಂಗಾದ್ರೆ ದಡದಲ್ಲೇ ಇರಿ. ಕರಗಿದ್ ಮ್ಯಾಲೆ ಕೂಗ್ತೀನಿ."

ನಿಯಮವನ್ನು ಅವರು ತಮಗೂ ಅನ್ವಯಿಸಿಕೊಂಡರು. ಮುದ್ದೆಯ ಗಾತ್ರ ಕುಗ್ಗಿತು. ಊಟದ ಮೇಲಿನ ಬಾಳೆಹಣ್ಣು ನಿಂತಿತು. "ಡಾಕ್ಟ್ರು ಹೇಳಿ ಹೇಳಿ ಸೋತಿದ್ರು ಕಣೋ. ಬೋಟು ಗೆದ್ದುಬಿಡ್ತು," ಎಂದು ಅಕ್ಕ ನನ್ನೊಡನೆ ಗುಟ್ಟಾಗಿ ಸಂತೋಷಪಟ್ಟಳು.

ಒಂದು ಅಸಂಗತಿ ಮಾತ್ರ ನನ್ನ ಕಣ್ಣಿಗೆ ಬಿತ್ತು. ಎಲ್ಲ ಸೀಟುಗಳನ್ನೂ ಕಿತ್ತೊಗೆದ ಭಾವನವರು ತಾವು ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಬೋಟನ್ನು ನಡೆಸುತ್ತಿದ್ದರು. ಆದರೆ ಮುಂಭಾಗದ ಒಂದು ಸೀಟು ಹಾಗೆಯೇ ಉಳಿದಿತ್ತು. ಅದರ ಮೇಲೊಂದು ದಿಂಬು, ದಿಂಬಿಗೆ ಅಕ್ಕನ ಹಳೆಯ ಸೀರೆಯ ಹೊದಿಕೆ. ನಿಯಮವೆಂದ ಮೇಲೆ ಎಲ್ಲಕ್ಕೂ ಒಂದೇ ಇರಬೇಕಲ್ಲವೇ? ಕೇಳಿದೆ.

"ಅದ್ ಇರ್ಲಿ ಬಿಡಿ, ಮೇಷ್ಟ್ರೇ," ಎಂದವರು ಮಾತನ್ನು ಪೆಟ್ರೋಲಿನ ಕಡೆಗೆ ತಿರುಗಿಸಿದರು.

ತೂಕದ ತರುವಾಯ ಬೋಟಿನ ತಳದ ಸರದಿ. ತಳ ನುಣುಪಾಗಿದ್ದಷ್ಟೂ ನೀರು ತಡೆಯುವುದು ಕಡಿಮೆ ಎಂದು ಅವರು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ತಿಳಿದಿದ್ದರು. ಅಲ್ಲಿಯವರೆಗೆ ಸರಿ. ಮುಂದಿನ ಸಂಶೋಧನೆ ಅವರ ಸ್ವಂತದ್ದು. ಒಂದು ಬೆಳಿಗ್ಗೆ ನಾನು ಹೋದಾಗ ಅವರು ಬೋಟಿನ ಕೆಳಗೆ ಅಂಗಾತ ಮಲಗಿ, ಅರ್ಧ ಕೊಯ್ದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಳಕ್ಕೆ ಉಜ್ಜುತ್ತಿದ್ದರು.

"ದೋಸೆ ಅಂಟ್ಬಾರ್ದು ಅಂತ ಕಾವ್ಲಿಗೆ ಉಜ್ಜಲ್ವಾ? ಇಂಗ್ ಉಜ್ಜುದ್ರೆ ನೀರೂ ಅಂಟಲ್ಲ."

ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಬೋಟು ಹಾದುಹೋದಾಗಲೆಲ್ಲ ಏರಿಯ ಮೇಲಿದ್ದವರಿಗೆ ಹಸಿವಾಗತೊಡಗಿದ್ದೊಂದೇ ಫಲಿತಾಂಶ.

ಅನಂತರ ಇಂಜಿನ್ನಿನ ಓರೆಯನ್ನು ತಿದ್ದಿದರು. ಅದನ್ನು ಸ್ವಲ್ಪ ಹೊರಕ್ಕೆ ವಾಲಿಸಿದರೆ ಬೋಟಿನ ಮೂಗು ಮೇಲೆದ್ದು, ನೀರನ್ನು ಸೀಳುವ ಬದಲು ನೀರಿನ ಮೇಲೆ ಜಾರುತ್ತದಂತೆ. 'ಸ್ವಲ್ಪ' ಎಂಬ ಪದದ ಅರ್ಥವ್ಯಾಪ್ತಿ ಭಾವನವರಲ್ಲಿ ವಿಶಾಲವಾದುದು. ಬೋಟು ಗರುಡಗಂಬದಂತೆ ನೆಟ್ಟಗೆ ನಿಲ್ಲಲು ಹೊರಟಿತು. ಯಲಹಂಕದ ಕಡೆಯಿಂದ ಅದೇ ಹೊತ್ತಿಗೆ ಒಂದು ವಿಮಾನ ಮೇಲೆ ಹಾದುಹೋಯಿತು. "ಏನ್ ಗುರು, ಅದ್ರ್ ಹಿಂದೇನೇ ಹೋಯ್ತಿದ್ದೀಯಾ? ಬಲೆ ಮಾತ್ರ ಹರೀಬೇಡ," ಎಂದು ಮೀನಿನ ಮಿತ್ರರು ತೆಪ್ಪದಿಂದ ಕೂಗಿದರು.

ಫ್ಯಾನುಗಳನ್ನು ಬದಲಾಯಿಸಿದರು. ಒಂದು ಫ್ಯಾನು ಪ್ರತಿ ಸುತ್ತಿಗೆ ದೊಡ್ಡ ಹೆಜ್ಜೆ ಇಡುವಂಥದು. ಅದನ್ನು ತಿರುಗಿಸಲಾರದೆ ಇಂಜಿನ್ನು ಏದುಸಿರುಬಿಟ್ಟಿತು. ಇನ್ನೊಂದು ಪುಟ್ಟ ಹೆಜ್ಜೆಯದು. ಇಂಜಿನ್ನು ಕಿರುಚಿಕೊಂಡಿತೇ ಹೊರತು ದಾರಿ ಸಾಗಲಿಲ್ಲ. ಕೊನೆಗೆ ನಡುವಿನದೊಂದು ದೊರೆಯಿತು. ಇಂಜಿನ್ನಿನ ಅಡಿಗೆ ಮರದ ತುಂಡೊಂದನ್ನು ಕೊಟ್ಟು ಎರಡು ಬೆರಳಷ್ಟು ಎತ್ತರಿಸಿದರು. ಆ ಭಾನುವಾರ ಬೋಟು ನಿಜವಾಗಿಯೂ ಜಾರಿತು. ದಡಕ್ಕೆ ಬಂದ ಭಾವನವರ ಮುಖದಲ್ಲಿ ಮದುಮಗನ ಕಳೆ ಇತ್ತು.

ಅಷ್ಟರಲ್ಲಿ ಆಯುಧಪೂಜೆ ಬಂದಿತು.

ಬೋಟಿಗೆ ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದದ್ದಾಯಿತು. ಉಳಿದದ್ದು ನಿಂಬೆಹಣ್ಣು. ವಾಹನವೆಂದ ಮೇಲೆ ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗಲೇಬೇಕು. ಬೋಟಿಗೆ ಚಕ್ರವೆಲ್ಲಿದೆ? ಟ್ರೇಲರಿನ ಚಕ್ರಕ್ಕೆ ಇಡಬಹುದೆಂದು ನಾನು ಸೂಚಿಸಿದೆ.

"ಅದು ಟ್ರೇಲರ್ ಪೂಜೆ ಆಯ್ತದೆ, ಮೇಷ್ಟ್ರೇ. ಬೋಟಿಂದೆಂಗಾಯ್ತದೆ?"

ತರ್ಕದಲ್ಲಿ ನಾನು ಮತ್ತೊಮ್ಮೆ ಸೋತೆ. ಅವರು ಇಟ್ಟಿಗೆಗಳನ್ನು ಪೇರಿಸಿ, ಫ್ಯಾನಿನ ರೆಕ್ಕೆಗೆ ತಾಗುವಂತೆ ನಿಂಬೆಹಣ್ಣನ್ನಿಟ್ಟು, ನಮ್ಮನ್ನೆಲ್ಲ ದೂರ ಸರಿಸಿ ಇಂಜಿನ್ನು ಚಾಲೂ ಮಾಡಿದರು. ನಿಂಬೆಯ ಒಂದು ಹೋಳು ನನ್ನ ಬಿಳಿಯ ಅಂಗಿಗೆ ಬಡಿಯಿತು. ಇನ್ನೊಂದು ಎದುರು ಮನೆಯ ಮೊದಲ ಮಹಡಿಯ ಬಾಲ್ಕನಿಯನ್ನು ಸೇರಿತು. "ನೋಡುದ್ರಾ ಫೋರ್ಸು!" ಎಂದು ಭಾವನವರು ಹರ್ಷದಿಂದ ಇನ್ನಷ್ಟು ಹೊತ್ತು ಅದನ್ನು ಗರಗರ ತಿರುಗಿಸಿದರು. ಆ ಇಂಜಿನ್ನು ತಣ್ಣಗಿರಲು ಕೆರೆಯ ನೀರನ್ನೇ ಹೀರಿಕೊಳ್ಳಬೇಕು. ಕೊಡಿಗೇಹಳ್ಳಿಯ ಅಂಗಳದಲ್ಲಿ ಹೀರಿಕೊಳ್ಳಲು ಇದ್ದದ್ದು ಊದುಬತ್ತಿಯ ಹೊಗೆಯೊಂದೇ. ನೀರೆಳೆಯುವ ಪಂಪಿನ ರಬ್ಬರು ಸುಟ್ಟು ಕರಕಲಾಯಿತು.

"ದೃಷ್ಟಿ ತೆಗೀರಿ ಅಂದ್ರೆ ಇಂಜಿನ್ನೇ ತೆಗೆದ್ರಲ್ರೀ," ಎಂದಳು ಅಕ್ಕ.

ಭಾವನವರು ನಗಲಿಲ್ಲ. ಅಂದು ಸಂಜೆ ಬೋಟಿನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ಅಕ್ಕ ಕಾಫಿ ತಂದಿಟ್ಟಳು, ಅದು ಆರಿಹೋಯಿತು. ಅವಳು ಅಡುಗೆಮನೆಯ ಕಿಟಕಿಯಿಂದ ಎರಡು ಬಾರಿ ಇಣುಕಿ ನೋಡಿದ್ದನ್ನು ನಾನು ಕಂಡೆ.

ರಿಪೇರಿಯಾಗುವ ವೇಳೆಗೆ ದೀಪಾವಳಿ ಕಳೆದಿತ್ತು. ಪಂದ್ಯದ ದಿನ ನಿಗದಿಯಾಯಿತು. ಕೆರೆಯ ತೂಬಿನ ಬಳಿ ಆರಂಭ. ಏರಿಯ ಇನ್ನೊಂದು ತುದಿಯ ಕೋಡಿಯ ಬಳಿ ಮುಕ್ತಾಯ. ನೀರಿನಲ್ಲಿ ಭಾವನವರು, ಏರಿಯ ಮೇಲೆ ಸ್ಕೂಟರಿನಲ್ಲಿ ಅಕ್ಕ. ಶಾಲೆಯ ಆಟೋಟಗಳಲ್ಲಿ ಎಷ್ಟೋ ತೀರ್ಪು ಕೊಟ್ಟವನೆಂಬ ಕಾರಣದಿಂದ ನಾನೇ ತೀರ್ಪುಗಾರ. ತೀರ್ಪುಗಾರನ ಸ್ಥಾನ ಅಕ್ಕನ ಹಿಂದಿನ ಸೀಟು. ನನ್ನ ಇಡ್ಲಿಗಳು ಈ ಬಾರಿ ಎದುರು ಪಕ್ಷದ ಹೊರೆಯಾದುದು ಭಾವನವರಿಗೆ ಬಹಳ ಹಿಡಿಸಿತು.

ಮೀನಿನ ಮಿತ್ರರು ಟವೆಲು ಬೀಸಿದರು. ಬೋಟು ಮೂಗೆತ್ತಿತು, ತಗ್ಗಿಸಿತು, ಜಾರತೊಡಗಿತು. ಅಕ್ಕ ಯಲಹಂಕದ ಸಂತೆಗೂ ಹೆಬ್ಬಾಳದ ಸಿಗ್ನಲ್ಲಿಗೂ ಪಳಗಿದ ಕೈ. ಏರಿಯ ಗುಂಡಿಗಳು ಅವಳಿಗೆ ಲೆಕ್ಕವೇ? ಅರ್ಧ ದಾರಿಗೆ ನಾವು ಮುಂದಿದ್ದೆವು. ಮುಕ್ಕಾಲು ದಾರಿಗೂ ಮುಂದಿದ್ದೆವು. ಕೋಡಿಯ ಕಲ್ಲುಗಳು ಕಾಣಿಸತೊಡಗಿದವು.

ಆಗ ಅಕ್ಕ ನೀರಿನ ಕಡೆಗೆ ತಿರುಗಿ ನೋಡಿದಳು. ನಾನೂ ನೋಡಿದೆ. ಬರಿದು ಮಾಡಿದ ಬೋಟಿನ ಹಿಂಭಾಗದಲ್ಲಿ ಭಾವನವರು ಕುಕ್ಕರುಗಾಲಿನಲ್ಲಿ ಕುಳಿತು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಇಂಜಿನ್ನಿನ ವೇಗ ಹೆಚ್ಚಿಸುವ ಹಿಡಿಯ ಮೇಲೆ ಪ್ರಾಣವನ್ನೆಲ್ಲ ಹಾಕಿದ್ದರು. ಅವರ ಮುಂದೆ ಒಂದೇ ಒಂದು ಸೀಟು. ಅದರ ಮೇಲೆ ಅಕ್ಕನ ಹಳೆಯ ಸೀರೆಯ ಹಸಿರು ಅಂಚು ಪಟಪಟನೆ ಹಾರುತ್ತಿತ್ತು.

ಅಕ್ಕನ ಬಲಗೈ ಮೆಲ್ಲಗೆ ಸಡಿಲವಾಯಿತು.

ಬೋಟು ನಮ್ಮನ್ನು ದಾಟಿ ಕೋಡಿಯನ್ನು ಮುಟ್ಟಿತು. "ಪೆಟ್ರೋಲ್ ಮುಗೀತಾ ಬಂದಿತ್ತು ಅನ್ಸುತ್ತೆ ಕಣೋ," ಎಂದಳು ಅಕ್ಕ, ನನ್ನ ಕಡೆ ತಿರುಗದೆ. ಅವಳ ಭುಜದ ಮೇಲಿಂದ ನೋಡಿದೆ. ಮುಳ್ಳು ಪೂರ್ತಿ ತುಂಬಿದ ಗುರುತಿನ ಮೇಲಿತ್ತು.

"ಬೋಟು ಗೆದ್ದಿದೆ," ಎಂದು ತೀರ್ಪುಗಾರನು ಘೋಷಿಸಿದನು.

ಅಕ್ಕ ಚಪ್ಪಲಿ ಕಳಚಿಟ್ಟಳು. ಭಾವನವರು ಲೈಫ್ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಬಿಗಿದು, ಮತ್ತೊಮ್ಮೆ ಎಳೆದು ಪರೀಕ್ಷಿಸಿದರು. ಅವಳು ಕಣ್ಣು ಮುಚ್ಚಿಕೊಂಡೇ ಹತ್ತಿ, ತನ್ನ ಸೀರೆಯ ಮೇಲೆ ತಾನೇ ಕುಳಿತು, ಎರಡೂ ಕೈಗಳಿಂದ ಬೋಟಿನ ಅಂಚನ್ನು ಹಿಡಿದುಕೊಂಡಳು.

ಬೋಟು ಹೊರಟಿತು. ಹೊರಟಿತೆನ್ನುವುದು ಉಪಚಾರದ ಮಾತು. ಹಿಂದೆ ಬಿಳಿಯ ನೊರೆಯಿಲ್ಲ, ಮುಂದೆ ಎದ್ದ ಮೂಗಿಲ್ಲ. ಹುಟ್ಟು ಹಾಕುತ್ತ ಬಂದ ಮೀನಿನ ಮಿತ್ರರ ತೆಪ್ಪ ಅದನ್ನು ಹಿಂದಿಕ್ಕಿತು.

"ಏನ್ ಗುರು, ಗೆದ್ದಿದ್ ಬೋಟು ಇದೇನಾ?"

"ಯಾಕೋ ಇಂಜಿನ್ ಎಳೀತಿಲ್ಲ ಕಣಪ್ಪ ಇವತ್ತು," ಎಂದರು ಭಾವನವರು. ಹಿಡಿಯನ್ನು ಅವರು ತಿರುಗಿಸಿಯೇ ಇರಲಿಲ್ಲ.

ಕೆರೆಯ ನಡುವೆ ಎಲ್ಲೋ ಅಕ್ಕ ಕಣ್ಣು ತೆರೆದಿರಬೇಕು. ಬೋಟು ಏರಿಯ ಹತ್ತಿರಕ್ಕೆ ಬಂದಾಗ ಅವಳ ಒಂದು ಕೈ ಅಂಚನ್ನು ಬಿಟ್ಟು ಕೆಳಗಿಳಿದು, ಬೆರಳ ತುದಿಗಳು ನೀರನ್ನು ಮುಟ್ಟಿದವು, ಹಿಂದೆ ಸರಿದವು, ಮತ್ತೆ ಮುಟ್ಟಿ ಅಲ್ಲಿಯೇ ಉಳಿದವು. ಇಂಜಿನ್ನಿನ ಸದ್ದು ಅಷ್ಟು ಕಡಿಮೆಯಿದ್ದುದರಿಂದ ಏರಿಯ ಮೇಲಿದ್ದ ನನಗೂ ಅವರ ಮಾತು ಕೇಳಿಸಿತು.

"ಇಷ್ಟೇನಾ ನಿಮ್ ಸ್ಪೀಡು?"

"ಇಷ್ಟೇ ಕಣೇ."